ಪದಚರ್ಚೆ: ಅಭಿಮಾನಿಗಳ ‘ಕ್ಯಾನನ್’ ಮತ್ತು ‘ಕಂಟಿನ್ಯೂಟಿ’ಗೆ ಪದ ಬೇಕಾಗಿದೆ

ಹುಬ್ಬಳ್ಳಿ, ವಿದ್ಯಾನಗರದಿಂದ:

ಮಾನ್ಯರೇ, ನಮ್ಮ ಕಾಲೇಜಿನ ಪ್ರದರ್ಶನಕ್ಕಾಗಿ ವಿಜ್ಞಾನ ಕಥೆಗಳನ್ನು ಕುರಿತ ಒಂದು ಫಲಕದ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೊಪ್ಪಿಕರ ರಸ್ತೆಯ ಫ್ಲೆಕ್ಸ್ ಅಂಗಡಿಯವರು ನಾಳೆ ಸಂಜೆಯೊಳಗೆ ಮ್ಯಾಟರ್ ಕೊಡಬೇಕೆಂದು ಹೇಳಿದ್ದಾರೆ. ಫಲಕದ ವಿಷಯ 1963ರ ನವೆಂಬರ್ 23ರಂದು ಆರಂಭವಾದ ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿ. ಇದರ ನಾಯಕ ‘ಡಾಕ್ಟರ್’ ಸಾಯುವ ಹೊತ್ತಿಗೆ ಹೊಸ ದೇಹ ತಾಳುತ್ತಾನೆ. ಅವನ ಕುಲದವರು ಹನ್ನೆರಡು ಸಲ ಮಾತ್ರ ಹೀಗೆ ದೇಹ ಬದಲಿಸಬಲ್ಲರೆಂದು 1976ರ ಒಂದು ಕಥೆ ಹೇಳಿತು. 2013ರಲ್ಲಿ ಆ ಲೆಕ್ಕ ಮುಗಿದಾಗ ಅವನಿಗೆ ಹೊಸ ಸರದಿಯೊಂದನ್ನು ಕರುಣಿಸಲಾಯಿತು. 2020ರಲ್ಲಿ, ಮೊದಲನೆಯವನೆಂದು ಎಲ್ಲರೂ ನಂಬಿದ್ದವನಿಗಿಂತ ಹಿಂದೆಯೂ ಹಲವು ಜನ್ಮಗಳು ಕಳೆದಿದ್ದವೆಂದು ತಿಳಿಸಲಾಯಿತು. ಇದು ಕ್ಯಾನನ್ (ಕಥೆಯ ನಿಜವಾದ ಭಾಗವೆಂದು ಲೆಕ್ಕಕ್ಕೆ ಬರುವುದು) ಹೌದೋ ಅಲ್ಲವೋ, ಇದರಿಂದ ಕಂಟಿನ್ಯೂಟಿ (ಹಿಂದಿನ ಕಥೆಗೂ ಮುಂದಿನ ಕಥೆಗೂ ಇರುವ ಹೊಂದಿಕೆ) ಕೆಟ್ಟಿತೋ ಇಲ್ಲವೋ ಎಂಬುದು ಅಭಿಮಾನಿಗಳ ಜಗಳ. ‘ಅಧಿಕೃತ ಕಥೆ’, ‘ನಿರಂತರತೆ’ ಎಂದು ಬರೆದು ನೋಡಿದರೆ ಸರ್ಕಾರಿ ಸುತ್ತೋಲೆಯನ್ನು ಓದಿದಂತಾಗುತ್ತದೆ. ‘ಕ್ಯಾನನ್’ ಎಂದೇ ಬಿಟ್ಟರೆ ಓದುವವರು ಕ್ಯಾಮೆರಾದ ಜಾಹೀರಾತು ಎಂದುಕೊಳ್ಳುತ್ತಾರೆ. ದಯವಿಟ್ಟು ಬೇಗ ತಿಳಿಸಿ.

ಧಾರವಾಡ, ಸಾಧನಕೇರಿಯಿಂದ:

ಇದರಲ್ಲಿ ಚರ್ಚಿಸುವಂಥದ್ದು ಏನೂ ಇಲ್ಲ. ಮೊದಲನೆಯದಕ್ಕೆ ‘ಒಪ್ಪುಗತೆ’ ಎನ್ನಿ, ಎರಡನೆಯದಕ್ಕೆ ‘ಎಳೆ’ ಎನ್ನಿ. ಕಥೆಯ ಎಳೆ ಕಡಿಯಿತು ಎಂದರೆ ಓಣಿಯ ಹುಡುಗರಿಗೂ ತಿಳಿಯುತ್ತದೆ. ಇನ್ನು ಸಂಸ್ಕೃತವನ್ನು ಹೊತ್ತು ತರುವವರು ಬರುತ್ತಾರೆ, ಅವರ ಮಾತಿಗೆ ಕಿವಿಗೊಡಬೇಡಿ.

ಹಾವೇರಿಯಿಂದ:

‘ಕ್ಯಾನನ್’ ಎಂಬ ಪದವನ್ನು ನಾವು ಎಂದೋ ಎರವಲು ಪಡೆದಿದ್ದೇವೆ ಎಂಬುದನ್ನು ಇಬ್ಬರೂ ಗಮನಿಸಿದಂತಿಲ್ಲ. ಗ್ರೀಕಿನ ‘ಕಾನೋನ್’ ಎಂಬ ಪದವೇ ಅರಬ್ಬಿಗೆ ಹೋಗಿ, ಪಾರಸಿಯ ದಾರಿಯಾಗಿ ನಮ್ಮಲ್ಲಿಗೆ ‘ಕಾನೂನು’ ಆಗಿ ಬಂದಿದೆ. ಮನೆಯಲ್ಲಿರುವ ಪದವನ್ನು ಬಿಟ್ಟು ಹೊಸದನ್ನು ಕಟ್ಟುವುದೇಕೆ? ‘ಕಥಾಕಾನೂನು’ ಎಂದು ಅಚ್ಚು ಹಾಕಿಸಿ.

ಗದಗದಿಂದ:

ಹಾವೇರಿಯವರ ವ್ಯುತ್ಪತ್ತಿ ಸರಿಯಾಗಿದೆ, ಸಲಹೆ ಸರಿಯಿಲ್ಲ. ಪದ ಎಲ್ಲಿಂದ ಬಂತೆಂಬುದು ಅದು ಈಗ ಏನು ಹೇಳುತ್ತದೆಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ‘ಕಥಾಕಾನೂನು’ ಎಂದು ಓದಿದವರು ಕೋರ್ಟು, ವಕೀಲರ ಕಥೆಯನ್ನು ನಿರೀಕ್ಷಿಸುತ್ತಾರೆ. ಸಾಧನಕೇರಿಯ ಹಿರಿಯರ ‘ಒಪ್ಪುಗತೆ’ಯಲ್ಲಿ ವ್ಯಾಕರಣದ ದೋಷವಿಲ್ಲ, ‘ಕತೆ’ ತದ್ಭವವಾದ್ದರಿಂದ ಅರಿಸಮಾಸದ ಪ್ರಶ್ನೆ ಏಳುವುದಿಲ್ಲ, ಕಕಾರಕ್ಕೆ ಗಕಾರ ಬಂದದ್ದೂ ನ್ಯಾಯವಾಗಿಯೇ ಇದೆ. ಆದರೆ ಒಪ್ಪಿದವರು ಯಾರು?

ಜಗಳದ ಗಂಟು ಇರುವುದೇ ಇಲ್ಲಿ. ಅಮೆರಿಕದ ವಿಜ್ಞಾನ ಧಾರಾವಾಹಿ ‘ಸ್ಟಾರ್ ಟ್ರೆಕ್’ನಲ್ಲಿ ತೆರೆಯ ಮೇಲೆ ಬಂದದ್ದು ಸೇರುತ್ತದೆ, ಕಾದಂಬರಿಗಳು ಸೇರುವುದಿಲ್ಲ ಎಂಬ ರೂಢಿಯನ್ನು ಒಡೆತನದವರೇ ಹಾಕಿಕೊಟ್ಟಿದ್ದಾರೆ, ಅಲ್ಲಿಗೆ ‘ಅಧಿಕೃತ’ ಎಂಬ ಪದ ಒಪ್ಪುತ್ತದೆ. ‘ಡಾಕ್ಟರ್ ಹೂ’ ವಿಷಯದಲ್ಲಿ ಬಿಬಿಸಿ ಅಂಥ ಪಟ್ಟಿಯನ್ನು ಎಂದೂ ಕೊಟ್ಟಿಲ್ಲ. ಅಧಿಕಾರವೇ ಇಲ್ಲದ ಕಡೆ ‘ಅಧಿಕೃತ’ ಎಂದು ಬರೆದರೆ ಫಲಕ ಸುಳ್ಳು ಹೇಳಿದಂತಾಗುತ್ತದೆ.

ನನ್ನ ಸೂಚನೆ ‘ಪ್ರಮಾಣ’. ಗ್ರೀಕಿನ ‘ಕಾನೋನ್’ ಎಂದರೆ ಅಳತೆಗೋಲು, ‘ಪ್ರಮಾಣ’ದೊಳಗಿನ ‘ಮಾ’ ಧಾತುವಿಗೂ ಅಳೆಯುವುದೇ ಅರ್ಥ ಎಂಬುದು ಸಂತೋಷದ ವಿಷಯವಾದರೂ, ನಾನು ಈ ಪದವನ್ನು ಹಿಡಿದಿರುವುದು ಅದಕ್ಕಾಗಿ ಅಲ್ಲ. ನಮ್ಮ ತರ್ಕದಲ್ಲಿ ಪ್ರಮಾಣವೆಂಬುದು ಮೇಲಿನಿಂದ ಇಳಿದು ಬಂದ ಆಜ್ಞೆಯಲ್ಲ, ವಾದಿಗಳು ಯಾವುದನ್ನು ಒಪ್ಪುತ್ತಾರೆ, ಯಾವುದನ್ನು ಬಿಡುತ್ತಾರೆ ಎಂಬುದರ ಮೇಲೆಯೇ ಪಂಥಗಳು ಬೇರೆಯಾಗುತ್ತವೆ. ತೆರೆಯ ಮೇಲೆ ಕಂಡದ್ದಷ್ಟೇ ನಿಜವೆನ್ನುವ ಅಭಿಮಾನಿ ಪ್ರತ್ಯಕ್ಷವನ್ನು ಮಾತ್ರ ಒಪ್ಪುವ ಚಾರ್ವಾಕ. ಇದೇ ಡಾಕ್ಟರ್‌ನ ಕಥೆಗಳನ್ನು ಹೇಳುವ ಬಿಗ್ ಫಿನಿಶ್ ಸಂಸ್ಥೆಯ ಶ್ರವ್ಯ ನಾಟಕಗಳನ್ನೂ ಸೇರಿಸಿಕೊಳ್ಳುವವನು ಶಬ್ದಪ್ರಮಾಣವನ್ನು, ಎಂದರೆ ಕೇಳಿದ ಮಾತನ್ನೂ, ಒಪ್ಪಿದವನು. 2013ರ ಒಂದು ಕಿರುಕಂತಿನಲ್ಲಿ ಎಂಟನೆಯ ಡಾಕ್ಟರ್ ಸಾಯುವ ಮುನ್ನ ಆ ಶ್ರವ್ಯ ನಾಟಕಗಳ ಸಂಗಾತಿಗಳ ಹೆಸರುಗಳನ್ನು ಒಂದೊಂದಾಗಿ ಹೇಳಿದಾಗ, ಕೇಳಿದ್ದು ಕಂಡದ್ದರೊಳಗೆ ಬಂದು ಸೇರಿತು. ಚಾರ್ವಾಕರಿಗೆ ಅದರಿಂದಾದ ಪೇಚು ಇನ್ನೂ ತೀರಿಲ್ಲ.

‘ಕಂಟಿನ್ಯೂಟಿ’ಗೆ ‘ಪೂರ್ವಾಪರ’ ಎಂಬ ಪದ ಸಿದ್ಧವಾಗಿಯೇ ಇದೆ. ಗ್ರೀಕ್ ಐತಿಹ್ಯದ ಅಟ್ಲಾಂಟಿಸ್ ದ್ವೀಪದ ನಾಶಕ್ಕೆ ಈ ಧಾರಾವಾಹಿ 1967ರಲ್ಲಿ ಒಂದು ಕಾರಣ, 1971ರಲ್ಲಿ ಇನ್ನೊಂದು, 1972ರಲ್ಲಿ ಮತ್ತೊಂದು ಕಾರಣ ಕೊಟ್ಟಿದೆ. ಇದು ಪೂರ್ವಾಪರವಿರೋಧ. ‘ನಿರಂತರತೆ’ ಇಲ್ಲಿ ಸಲ್ಲದು, ಏಕೆಂದರೆ ಕಥೆ ಎಲ್ಲಿಯೂ ನಿಂತಿಲ್ಲ. ‘ಎಳೆ’ಯೂ ಸಾಲದು, ಏಕೆಂದರೆ ಎಳೆ ಕಡಿಯದೆಯೇ ಹಿಂದಿನ ಮಾತು ಮುಂದಿನ ಮಾತಿಗೆ ಅಡ್ಡ ಬರಬಹುದು.

ಎರಡು ಪದಗಳ ನಡುವಿನ ಸಂಬಂಧವನ್ನೂ ಫಲಕದಲ್ಲಿ ತೋರಿಸಬೇಕು. ಪಂಪನ ಭಾರತದಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ, ನಮ್ಮ ಗದುಗಿನ ಭಾರತದಲ್ಲಿ ಐವರ ಹೆಂಡತಿ. ಇದನ್ನು ಯಾರೂ ಪೂರ್ವಾಪರವಿರೋಧ ಎನ್ನುವುದಿಲ್ಲ, ಏಕೆಂದರೆ ಅವು ಎರಡು ಕಾವ್ಯಗಳು. ಯಾವುದೆಲ್ಲ ಸೇರಿ ಒಂದೇ ಕೃತಿ ಎಂಬುದನ್ನು ಪ್ರಮಾಣ ಮೊದಲು ಗೊತ್ತುಮಾಡಬೇಕು, ಆಮೇಲೆ ಪೂರ್ವಾಪರದ ಮಾತು. 2020ರ ಕಂತನ್ನು ಒಪ್ಪದವರು ಅದನ್ನು ‘ಪ್ರಕ್ಷಿಪ್ತ’, ಎಂದರೆ ಆಮೇಲೆ ಹೊರಗಿನವರು ತುರುಕಿದ್ದು, ಎಂದು ತಳ್ಳಿಹಾಕಬಹುದು. ಆದರೆ ಮೊದಲಿನಿಂದಲೂ ಹಲವು ಕೈಗಳು ಬರೆದ ಕೃತಿಯಲ್ಲಿ ಯಾವ ಕೈಯನ್ನು ಹೊರಗಿನದೆನ್ನುವುದು? ಮೇಲಾಗಿ 1976ರ ಜನವರಿಯ ಕಥೆಯೊಂದರಲ್ಲಿಯೇ ಮೊದಲನೆಯವನಿಗಿಂತ ಹಿಂದಿನ ಮುಖಗಳು ತೆರೆಯ ಮೇಲೆ ಸುಳಿದಿದ್ದವು.

ಹಳೆಯ ವಿರೋಧವನ್ನು ಹೊಸ ಕಥೆಯಿಂದ ಸರಿಪಡಿಸುವುದಕ್ಕೆ ‘ಸಮನ್ವಯ’ ಎನ್ನಿ. ‘ಸ್ಟಾರ್ ಟ್ರೆಕ್’ನ ಕ್ಲಿಂಗಾನರೆಂಬ ಅನ್ಯಗ್ರಹದವರ ಹಣೆ ಮೊದಲ ಸರಣಿಯಲ್ಲಿ ನುಣುಪಾಗಿತ್ತು, 1979ರ ಚಲನಚಿತ್ರದಲ್ಲಿ ಉಬ್ಬುತಗ್ಗಾಯಿತು. 1996ರಲ್ಲಿ ಪಾತ್ರವೊಂದು ಇದನ್ನು ನಾವು ಹೊರಗಿನವರೊಡನೆ ಚರ್ಚಿಸುವುದಿಲ್ಲ ಎಂದು ತೇಲಿಸಿಬಿಟ್ಟಿತು. 2005ರಲ್ಲಿ ವೈರಾಣುವೊಂದನ್ನು ಕಾರಣವಾಗಿ ತಂದು ಸಮನ್ವಯ ಮಾಡಿದರು. ನನಗೆ 1996ರ ಉತ್ತರವೇ ಹೆಚ್ಚು ಹಿಡಿಸುತ್ತದೆ.

ಧಾರವಾಡ, ಸಾಧನಕೇರಿಯಿಂದ:

ಪ್ರಮಾಣ ಎಂದರೆ ಮಂತ್ರಿಗಳು ಸ್ವೀಕರಿಸುವಂಥದ್ದು, ಇಲ್ಲವೇ ಸಾರಿಗೆ ಹಾಕುವ ಉಪ್ಪಿನ ಲೆಕ್ಕ. ಚಾರ್ವಾಕರನ್ನು ಕರೆತಂದು ಇಷ್ಟುದ್ದ ವಿವರಿಸಬೇಕಾದ ಪದ ಫಲಕದ ಮೇಲೆ ತಾನಾಗಿ ನಿಲ್ಲುವುದಿಲ್ಲ. ಇಂಗ್ಲಿಷಿನ ಸಾಲಕ್ಕೆ ಹೆದರಿ ಸಂಸ್ಕೃತದ ಸಾಲ ಮಾಡುವವರಿಗೆ ಬಡ್ಡಿಯ ಲೆಕ್ಕ ಬರುವುದಿಲ್ಲವೆಂದು ಕಾಣುತ್ತದೆ.

ಹಾವೇರಿಯಿಂದ:

ಸಾಲ ಬೇಡವೆನ್ನುವವರು ಮೊದಲು ‘ಕತೆ’ಯನ್ನೇ ಹಿಂದಿರುಗಿಸಬೇಕಾಗುತ್ತದೆ, ತದ್ಭವವಾದ ಮಾತ್ರಕ್ಕೆ ಸಾಲ ತೀರಿತೇ? ಕಾನೂನು, ದಸ್ತಾವೇಜು, ಖಾತೆ ಇಲ್ಲದೆ ಈ ಭಾಗದಲ್ಲಿ ಒಂದು ಹೊಲದ ಕಾಗದವೂ ಆಗುವುದಿಲ್ಲ.

ಗದಗದಿಂದ:

ಉಪ್ಪಿನ ಆಕ್ಷೇಪ ಬಿಡಿಪದಕ್ಕೆ ತಕ್ಕದ್ದು. ಫಲಕದಲ್ಲಿ ‘ಪ್ರಮಾಣಕಥೆ’ ಎಂದು ಸಮಾಸ ಮಾಡಿ ಬರೆದರೆ ಯಾರೂ ಅಡುಗೆಮನೆಗೆ ಹೋಗುವುದಿಲ್ಲ. ಹೊಲದ ಕಾಗದಗಳ ವಿಚಾರವನ್ನು ಬೇರೆ ಶೀರ್ಷಿಕೆಯಡಿ ಬರೆಯಲು ಕೋರುತ್ತೇನೆ.

ಹುಬ್ಬಳ್ಳಿ, ವಿದ್ಯಾನಗರದಿಂದ:

ಎಲ್ಲರಿಗೂ ವಂದನೆಗಳು. ಫಲಕದ ವಾಕ್ಯವನ್ನು ಹೀಗೆ ಇಟ್ಟಿದ್ದೇನೆ: ‘ಯಾವುದು ಪ್ರಮಾಣಕಥೆ ಎಂದು ಬಿಬಿಸಿ ಹೇಳಿಲ್ಲವಾದ್ದರಿಂದ, 2020ರ ಕಂತು ಪೂರ್ವಾಪರ ವಿರೋಧವೋ ಅಲ್ಲವೋ ಎಂಬುದನ್ನು ಅಭಿಮಾನಿಗಳು ಇಂದಿಗೂ ವಾದಿಸುತ್ತಿದ್ದಾರೆ.’ ಸಾಧನಕೇರಿಯ ಹಿರಿಯರ ‘ಎಳೆ’ಯನ್ನು ಮೇಲಿನ ಶೀರ್ಷಿಕೆಗೆ ಬಳಸಿಕೊಂಡಿದ್ದೇನೆ: ‘ಎಳೆ ಸಿಕ್ಕುಗಟ್ಟಿದ ಕಥೆ’.

ಧಾರವಾಡ, ಸಾಧನಕೇರಿಯಿಂದ:

ಶೀರ್ಷಿಕೆ ಚೆನ್ನಾಗಿದೆ. ಕೆಳಗೆ ‘ಪೂರ್ವಾಪರವಿರೋಧ’ ಸಮಾಸ, ಬಿಡಿಸಿ ಅಚ್ಚು ಹಾಕಿಸಬೇಡಿ. ಕಂತು ತಾನೇ ವಿರೋಧವಾಗುವುದಿಲ್ಲ, ‘ಕಂತಿನಲ್ಲಿ ಪೂರ್ವಾಪರವಿರೋಧವಿದೆಯೋ ಇಲ್ಲವೋ’ ಎಂದು ತಿದ್ದಿ.