ಟೈಮರ್ ಹೇಳಿದ ಹೊತ್ತಿಗೇ ಯಾಕೆ ಏಳಲ್ಲ? ಕರ್ನಲ್ (ಲಿನಕ್ಸ್‌ನಂಥ ಆಪರೇಟಿಂಗ್ ಸಿಸ್ಟಂನ ತಿರುಳು) ಇಂಜಿನಿಯರ್ ಜತೆ ತುಮಕೂರು ಗುಂಪಿನ ಪ್ರಶ್ನೋತ್ತರ

ತಿಪಟೂರು: ಸಾರ್ ನಮಸ್ಕಾರ. ಕೊಬ್ಬರಿ ವಿಂಗಡಿಸೋ ಮೆಷಿನ್. ಕ್ಯಾಮೆರಾ ಕೆಟ್ಟ ಹೋಳು ಹಿಡಿದ 30 ಮಿಲಿಸೆಕೆಂಡಿಗೆ ಗಾಳಿ ವಾಲ್ವ್ ತೆಗೀಬೇಕು. ಡ್ರೈವರಲ್ಲಿ (ವಾಲ್ವ್ ನಡೆಸೋ ಕರ್ನಲ್ ಕೋಡು) ಎಂಸ್ಲೀಪ್ 30, ಅಂದ್ರೆ 30 ಮಿಲಿಸೆಕೆಂಡ್ ಮಲಗು ಅಂತ, ಹಾಕಿದೀನಿ, ಪಕ್ಕದ ಒಳ್ಳೇ ಹೋಳು ಹಾರ್ತಿದೆ. ಎಚ್‌ಜಡ್ (ಸೆಕೆಂಡಿಗೆ ಎಷ್ಟು ಟಿಕ್ ಅನ್ನೋದು) 250, ಬೆಲ್ಟ್ ಸೆಕೆಂಡಿಗೆ 2 ಮೀಟರ್. ಎಮರ್ಜೆನ್ಸಿ ಸ್ಟಾಪೂ ಇದೇ ಬೋರ್ಡಿನ ಟೈಮರ್ ಮೇಲಿದೆ.

ಇಂಜಿನಿಯರ್: ಮೊದಲು ನಿಮ್ಮ ಕೊನೇ ಸಾಲು. ಸ್ಟಾಪ್ ಬಟನ್ನು ಇವತ್ತೇ ಸಾಫ್ಟ್‌ವೇರಿಂದ ಬಿಡಿಸಿ, ನೇರ ಮೋಟಾರಿನ ಕಾಂಟ್ಯಾಕ್ಟರ್ (ಕರೆಂಟ್ ಕಡಿಯೋ ಸ್ವಿಚ್) ಬೀಳಿಸೋ ಹಾಗೆ ವೈರ್ ಎಳೆಸಿ. ಅಲ್ಲೀವರೆಗೆ ಬೆಲ್ಟ್ ಓಡಿಸಬೇಡಿ. ಕರ್ನಲ್ ಟೈಮರ್ "ಇದಕ್ಕಿಂತ ಮುಂಚೆ ಏಳಿಸಲ್ಲ" ಅಂತ ಮಾತ್ರ ಮಾತು ಕೊಡುತ್ತೆ, "ಇಷ್ಟರೊಳಗೆ ಏಳಿಸ್ತೀನಿ" ಅಂತಲ್ಲ. ಬೆಲ್ಟ್ ಹತ್ತಿರ ಜನರ ಕೈ ಇರುತ್ತೆ.

ಇನ್ನು ವಾಲ್ವ್. 250 ಅಂದ್ರೆ ಟಿಕ್, ಅಂದ್ರೆ ಕರ್ನಲ್ ಗಡಿಯಾರದ ಒಂದು ಬಡಿತ, 4 ಮಿಲಿಸೆಕೆಂಡ್. ಎಂಸ್ಲೀಪ್ ಟಿಕ್ ಲೆಕ್ಕದಲ್ಲೇ ಮಲಗೋದು. 30 ಕೇಳಿದ್ರೆ ಒಮ್ಮೆ 32, ಒಮ್ಮೆ 36. ಆ 4ರ ಹೊಯ್ದಾಟದಲ್ಲಿ ಬೆಲ್ಟ್ 8 ಮಿಲಿಮೀಟರ್ ಸರಿದಿರುತ್ತೆ. 2006ರಿಂದ ಲಿನಕ್ಸ್‌ನಲ್ಲಿ ಎಚ್‌ಆರ್‌ಟೈಮರ್ (ಟಿಕ್ಕಿಗೆ ಕಟ್ಟುಬೀಳದ ನಿಖರ ಟೈಮರ್) ಇದೆ, ಅದನ್ನ ಹಾಕಿ. "ಈಗಿಂದ 30" ಅನ್ನಬೇಡಿ, ಚಿತ್ರ ಪರೀಕ್ಷಿಸೋ ಸಮಯವೂ ಸೇರಿಬಿಡುತ್ತೆ, ಅದು ಪ್ರತಿ ಹೋಳಿಗೂ ಬೇರೆ. ಫ್ರೇಮ್ ಹಿಡಿದ ಹೊತ್ತಿಗೆ 30 ಕೂಡಿಸಿ, ಮೊನೊಟೋನಿಕ್ (ಹಿಂದಕ್ಕೆ ಹೋಗದ) ಗಡಿಯಾರದಲ್ಲಿ ಆ ಕ್ಷಣಕ್ಕೇ ಟೈಮರ್ ಇಡಿ.

ಶಿರಾ: ಫಾರ್ವರ್ಡ್ ಬಂದಿದೆ, ಟೈಮರ್ ಸ್ಲ್ಯಾಕ್ (ಎಷ್ಟು ತಡವಾದ್ರೂ ಸರಿ ಅನ್ನೋ ಸಡಿಲ) 0 ಮಾಡಿದ್ರೆ ತಡವೇ ಇರಲ್ವಂತೆ.

ಇಂಜಿನಿಯರ್: ದಯವಿಟ್ಟು ಅದನ್ನ ಹರಡಬೇಡಿ. ಅಲ್ಲಿ 0 ಕೊಟ್ರೆ ಡೀಫಾಲ್ಟಿಗೇ ವಾಪಸ್, ಸಾಮಾನ್ಯವಾಗಿ 50 ಮೈಕ್ರೋಸೆಕೆಂಡ್. ಕಮ್ಮಿ ಬೇಕಿದ್ರೆ 1 ನ್ಯಾನೊಸೆಕೆಂಡ್ ಕೊಡಿ. ಡ್ರೈವರಿನ ಎಂಸ್ಲೀಪಿಗಂತೂ ಅದು ತಟ್ಟೋದೇ ಇಲ್ಲ.

ಕುಣಿಗಲ್: ಎಂಸ್ಲೀಪ್ 1 ಕೊಟ್ರೆ 20 ಆಗುತ್ತೆ, ಯಾಕೆ ಸಾರ್?

ಇಂಜಿನಿಯರ್: ಟಿಕ್. ಮೇಲೆ ಓದಿ.

ಗುಬ್ಬಿ: ಎಚ್‌ಜಡ್ 1000 ಮಾಡಿದ್ರೆ ಮುಗೀತಲ್ಲ.

ಮಧುಗಿರಿ: ನಮ್ಮ ಬೋರ್‌ವೆಲ್ ಮೀಟರ್ ಬ್ಯಾಟರಿ ಮೇಲಿದೆ. ಟಿಕ್ ಹೆಚ್ಚಾದ್ರೆ ಬೇಗ ಖಾಲಿ, ಬ್ಯಾಟರಿ ನೀವು ಹಾಕಿಸ್ತೀರಾ?

ಗುಬ್ಬಿ: ಸಿಪಿಯು ಖಾಲಿ ಇದ್ರೆ ಟಿಕ್ಕೇ ನಿಲ್ಲುತ್ತೆ. ಓದ್ಕೊಂಡು ಮಾತಾಡಿ.

ಮಧುಗಿರಿ: ಟಿಕ್ ನಿಲ್ಲುತ್ತೆ, ನೀವಿಟ್ಟ ಟೈಮರ್ ನಿಲ್ಲುತ್ತಾ?

ಇಂಜಿನಿಯರ್: ಇಬ್ಬರೂ ಸಾಕು ಮಾಡಿ. ಮಧುಗಿರಿಯವರೇ, ನೀವು ಸಡಿಲ ಕೊಡಬೇಕು. ನಿಮಿಷಕ್ಕೊಂದು ಸಲ ಓದೋ ಮೀಟರಿಗೆ ಅರ್ಧ ಸೆಕೆಂಡ್ ತಡವಾದ್ರೆ ಏನೂ ಕೆಡಲ್ಲ, ಸ್ಲ್ಯಾಕ್ ಹೆಚ್ಚಿಸಿ. ಬೇರೆ ಟೈಮರಿಗೆ ಎದ್ದಾಗ್ಲೇ ಕರ್ನಲ್ ನಿಮ್ಮದನ್ನೂ ಮುಗಿಸಿ ಮಲಗುತ್ತೆ. ಯುಸ್ಲೀಪ್ ರೇಂಜಿಗೆ (ಮೈಕ್ರೋಸೆಕೆಂಡ್ ಲೆಕ್ಕದಲ್ಲಿ ಮಲಗೋ ಕರೆ) ಕನಿಷ್ಠ, ಗರಿಷ್ಠ ಅಂತ ಎರಡು ಸಂಖ್ಯೆ ಇರೋದೂ ಅದಕ್ಕೇ. ಎರಡಕ್ಕೂ ಒಂದೇ ಹಾಕೋರಿಗೆ ಎಷ್ಟು ಸಲ ಹೇಳಲಿ? ಫ್ರೀಬಿಎಸ್‌ಡಿ ಅನ್ನೋ ಇನ್ನೊಂದು ಆಪರೇಟಿಂಗ್ ಸಿಸ್ಟಂನಲ್ಲಂತೂ ಕಾಲ್‌ಔಟಿಗೆ (ಅಲ್ಲಿನ ಟೈಮರ್) ನಿಖರತೆ ಎಷ್ಟು ಅನ್ನೋದನ್ನ ಬೇರೆಯಾಗೇ ಬರೆದುಕೊಡಬಹುದು.

ಪಾವಗಡ: ಲಿನಕ್ಸ್ 6.12ರ ಪ್ರೀಎಂಪ್ಟ್ ಆರ್‌ಟಿ (ತಡ ಕಮ್ಮಿ ಮಾಡೋ ರಿಯಲ್‌ಟೈಮ್ ಆಯ್ಕೆ) ಹಾಕಿದ್ರೆ ಇದೆಲ್ಲ ಬೇಕಾ?

ಗುಬ್ಬಿ: ಮಧುಗಿರಿಯವರು ಟಿಕ್ ವಿಷಯ ಒಪ್ಪಿಕೊಂಡ್ರು ಅಂತಾಯ್ತು.

ಮಧುಗಿರಿ: ಒಪ್ಪಿಲ್ಲ.

ಕುಣಿಗಲ್: ಮೇಲೆ ಓದ್ದೆ. 20 ಎಲ್ಲಿಂದ ಬಂತು ಅಂತ ಇಲ್ಲ.

ಇಂಜಿನಿಯರ್: ನಿಮ್ಮ ಎಚ್‌ಜಡ್ 100 ಇರುತ್ತೆ. ಟಿಕ್ 10, ಎರಡು ಟಿಕ್ 20.