ಸಹಾಯ ಬೇಕು: ಟ್ರೆಮ್-2 ಗ್ರಾಹಕವನ್ನು ಗುರುತಿಸಲು ನಂಬಬಹುದಾದ ಪ್ರತಿಕಾಯ

ಎಲ್ಲರಿಗೂ ನಮಸ್ಕಾರ. ಮಾನವ ರಕ್ತದ ಮಾನೋಸೈಟ್‌ಗಳಿಂದ (ಒಂದು ಬಗೆಯ ಬಿಳಿ ರಕ್ತಕಣಗಳಿಂದ) ಬೆಳೆಸಿದ ಮ್ಯಾಕ್ರೊಫೇಜ್‌ ಎಂಬ ರೋಗನಿರೋಧಕ ಜೀವಕೋಶಗಳಲ್ಲಿ, ಅವುಗಳ ಮೇಲ್ಮೈಯಲ್ಲಿರುವ ಟ್ರೆಮ್-2 ಎಂಬ ಗ್ರಾಹಕ ಪ್ರೋಟೀನನ್ನು ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ, ಪ್ರತಿಕಾಯದಿಂದ ಪಟ್ಟಿಗಳಾಗಿ ತೋರಿಸುವ ಪರೀಕ್ಷೆಯಲ್ಲಿ) ಗುರುತಿಸಬಲ್ಲ ಪ್ರತಿಕಾಯವನ್ನು ಹುಡುಕುತ್ತಿದ್ದೇನೆ. ಈ ಗ್ರಾಹಕದ ಹೊರಭಾಗವನ್ನು ಆಡಮ್-10 ಮತ್ತು ಆಡಮ್-17 ಕಿಣ್ವಗಳು 157ನೇ ಅಮೈನೋ ಆಮ್ಲವಾದ ಹಿಸ್ಟಿಡಿನ್‌ನ ಬಳಿ ಕತ್ತರಿಸುವುದರಿಂದ, ಹೊರಭಾಗಕ್ಕೆ ಅಂಟುವ ಪ್ರತಿಕಾಯವನ್ನು ಬಳಸಿದಾಗ ಪಟ್ಟಿ ಮಸುಕಾದರೆ, ಜೀವಕೋಶವು ಪ್ರೋಟೀನನ್ನೇ ತಯಾರಿಸಿಲ್ಲವೋ ಅಥವಾ ಅದು ಕಳಚಿಕೊಂಡು ಜೀವಕೋಶಗಳನ್ನು ಬೆಳೆಸುವ ದ್ರವಕ್ಕೆ ಸೇರಿದೆಯೋ ಎಂಬುದು ತಿಳಿಯುತ್ತಿಲ್ಲ. ಪ್ರೋಟೀನಿಗೆ ಅಂಟಿದ ಸಕ್ಕರೆ ಸರಪಳಿಗಳನ್ನು ಕತ್ತರಿಸುವ ಪಿಎನ್‌ಜಿಏಸ್-ಎಫ್ ಕಿಣ್ವವನ್ನು ಹಾಕಿದಾಗ ಹರಡಿದ ಪಟ್ಟಿಯು ಕೆಳಗಿಳಿದದ್ದರಿಂದ ಅದು ಸಕ್ಕರೆ ಸರಪಳಿಗಳ ಪರಿಣಾಮವೆಂದು ಖಚಿತವಾಯಿತು. ಅದರ ಮೇಲಿನ ಇನ್ನೊಂದು ಪಟ್ಟಿ ಮಾತ್ರ ಕದಲಲಿಲ್ಲ, ಅದು ಟ್ರೆಮ್-2 ಅಲ್ಲದೆ ಬೇರೆ ಪ್ರೋಟೀನಿನದ್ದಿರಬಹುದೆಂಬುದೇ ನನ್ನ ಅನುಮಾನ. ಆದ್ದರಿಂದ ಸಿ-ತುದಿಗೆ (ಹೊರಭಾಗ ಕತ್ತರಿಸಿಹೋದ ಮೇಲೂ ಜೀವಕೋಶದಲ್ಲೇ ಉಳಿಯುವ ಒಳತುದಿಗೆ) ಅಂಟುವ ಪ್ರತಿಕಾಯವನ್ನು, ಟ್ರೆಮ್-2 ವಂಶವಾಹಿಯನ್ನು ತೆಗೆದುಹಾಕಿದ ಜೀವಕೋಶಗಳೊಂದಿಗೆ ಹೋಲಿಸಿ ಪರೀಕ್ಷಿಸಿದವರು ಯಾರಾದರೂ ಇದ್ದರೆ, ಕ್ಲೋನ್‌ನ (ಆ ಪ್ರತಿಕಾಯದ ನಿರ್ದಿಷ್ಟ ತಳಿಯ) ಹೆಸರನ್ನೂ ಬಳಸಿದ ಪ್ರಮಾಣವನ್ನೂ ದಯವಿಟ್ಟು ತಿಳಿಸಬೇಕು. ಕ್ಯಾಟಲಾಗಿನ ಚಿತ್ರಕ್ಕಿಂತ ನಿಮ್ಮದೇ ಬ್ಲಾಟ್‌ನ ಪೂರ್ಣ ಚಿತ್ರ ಸಿಕ್ಕರೆ ಹೆಚ್ಚು ಉಪಕಾರವಾದೀತು.