ನಮ್ಮ ಕಾಕಾ ಅವರ ಮಿಲಿಟರಿ ದಾಖಲೆಗೆ ಪೂರ್ವಿ ಸ್ಟಾರ್ ಪದಕ ಸೇರಿಸಬೇಕು, ದಾರಿ ಹೇಳಿ

ಎಲ್ಲರಿಗೂ ನಮಸ್ಕಾರ. ನಾವು ಬೀದರ್ ಜಿಲ್ಲೆಯ ಭಾಲ್ಕಿ ಕಡೆಯವರು. ನಮ್ಮ ಕಾಕಾ 1971ರ ಯುದ್ಧದಲ್ಲಿ ಪೂರ್ವದ ಕಡೆ ಇದ್ದರು, ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಪಾಕ್ ಸೇನೆ ಶರಣಾದಾಗ ಅವರ ತುಕಡಿ ಗಡಿ ದಾಟಿ ಒಳಗೇ ಇತ್ತು. ಆದರೆ ಸೇನೆ ಬಿಡುವಾಗ ಕೊಟ್ಟ ಡಿಸ್ಚಾರ್ಜ್ ಬುಕ್ಕಿನಲ್ಲಿ ಸಂಗ್ರಾಮ್ ಮೆಡಲ್ ಮಾತ್ರ ಬರೆದಿದ್ದಾರೆ. ಆ ಕಡೆ ಕಾದಾಡಿದವರಿಗೆ ಸಿಗುವ ಪೂರ್ವಿ ಸ್ಟಾರ್ ಬಿಟ್ಟೇ ಹೋಗಿದೆ.

ಪಿಂಚಣಿ ಸರಿಯಾಗಿ ಬರುತ್ತಿದೆ, ದುಡ್ಡಿನ ಮಾತಲ್ಲ ಇದು. ವಯಸ್ಸು 75 ದಾಟಿದೆ. ಆಗಸ್ಟ್ 15ಕ್ಕೆ ಊರ ಶಾಲೆಯವರು ಕರೆದಾಗ ಒಂದೇ ಪದಕ ಹಾಕಿಕೊಂಡು ಹೋಗುತ್ತಾರೆ, ನಮಗೆ ನೋಡಲು ಭಾಳ ಸಂಕಟ ಆಗುತ್ತದೆ. ದುಡಿದು ಗಳಿಸಿದ್ದು ಅಲ್ವಾ.

ಸೈನಿಕರ ದಾಖಲೆ ಇಡುವ ರೆಕಾರ್ಡ್ಸ್ ಆಫೀಸಿಗೆ ಅರ್ಜಿ ಹಾಕಬೇಕು ಅಂತ ಗೊತ್ತು. ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಆದೇಶ ಪತ್ರ) ಜೆರಾಕ್ಸ್ ಮಾಡಿಸಿ ಇಟ್ಟಿದ್ದೇನೆ. ಆದರೆ ಅವರು ಅಲ್ಲಿದ್ದರು ಅನ್ನುವುದಕ್ಕೆ ಪಾರ್ಟ್ ಟು ಆರ್ಡರ್ (ಸೈನಿಕನ ಸೇವೆಯ ವಿವರ ದಾಖಲಿಸುವ ಸೇನೆಯ ಆದೇಶ) ಪ್ರತಿ ನಮ್ಮ ಹತ್ತಿರ ಇಲ್ಲ, ಅದನ್ನು ಆಫೀಸಿನವರೇ ತೆಗೆದು ನೋಡುತ್ತಾರಾ, ಇಲ್ಲ ಜೊತೆಗಿದ್ದ ಸೈನಿಕರೊಬ್ಬರ ಅಫಿಡವಿಟ್ ಕೊಟ್ಟರೆ ನಡೆಯುತ್ತಾ? ಅರ್ಜಿ ನೇರವಾಗಿ ಕಳಿಸುವುದೋ, ಸೈನಿಕ ಕಲ್ಯಾಣ ಇಲಾಖೆ ಮೂಲಕ ಹೋದರೆ ಜಲ್ದಿ ಆಗುತ್ತದೋ?

ಬೀದರ್, ಕಲಬುರಗಿ, ಯಾದಗಿರಿ ಕಡೆ ಯಾರಾದರೂ ಹೀಗೆ ಪದಕ ಸೇರಿಸಿಕೊಂಡಿದ್ದರೆ ದಯವಿಟ್ಟು ಅರ್ಜಿಯ ನಮೂನೆ ಕಳಿಸಿ.